ಬ್ರಿಡ್ಜ್‌ಟೌನ್‌ನಲ್ಲಿ ಮೀನು ಕೊಳ್ಳಲು ಸಂಜೆ ಹೋಗಿ

ಪ್ರಶ್ನೆ: ಮಗಳು ವೈದ್ಯಕೀಯ ಓದಲು ಬಾರ್ಬಡೋಸ್‌ನ ಬ್ರಿಡ್ಜ್‌ಟೌನ್‌ಗೆ ಹೋಗಿದ್ದಾಳೆ. ಸುತ್ತ ಸಮುದ್ರವಿದ್ದರೂ ಸೂಪರ್‌ಮಾರ್ಕೆಟ್ಟಿನ ಫ್ರೀಜರ್ ಮೀನನ್ನೇ ತಿನ್ನುತ್ತಿದ್ದಾಳೆ, ಅದೂ ದುಬಾರಿ ಬೆಲೆ ಕೊಟ್ಟು. ಅಲ್ಲಿ ಕೈಗೆಟುಕುವ ಬೆಲೆಗೆ ತಾಜಾ ಮೀನು ಎಲ್ಲಿ ಸಿಗುತ್ತದೆ? ಯಾವ ಮೀನು ಆರೋಗ್ಯಕ್ಕೆ ಒಳ್ಳೆಯದು?

ಉತ್ತರ: ಮಗಳಿಗೆ ಮೊದಲು ಹೇಳಬೇಕಾದದ್ದು, ಬೆಳಿಗ್ಗೆ ಮಾರುಕಟ್ಟೆಗೆ ಓಡಬೇಡ, ಮಧ್ಯಾಹ್ನ ಮೂರರ ಮೇಲೆ ಹೋಗು ಎಂದು. ನಮ್ಮ ಕರಾವಳಿಯವರಿಗೆ ಇದು ತಲೆಕೆಳಗಾದ ಮಾತು. ಮಲ್ಪೆಯಲ್ಲಾಗಲಿ ಮಂಗಳೂರಿನ ದಕ್ಕೆಯಲ್ಲಾಗಲಿ ಬೆಳಕು ಹರಿಯುವಷ್ಟರಲ್ಲಿ ವ್ಯಾಪಾರ ಅರ್ಧ ಮುಗಿದಿರುತ್ತದೆ. ಬಾರ್ಬಡೋಸ್‌ನ ದಿನದ ಬೋಟುಗಳಾದರೋ ನಸುಕಿಗೆ ಹೊರಟು ಮಧ್ಯಾಹ್ನ ಇಳಿದ ಮೇಲೆ ದಡ ಸೇರುತ್ತವೆ. ಬೆಳಿಗ್ಗೆ ಹೋದವರ ಕೈಗೆ ಸಿಗುವುದು ಬಹುಪಾಲು ನಿನ್ನೆಯ ಮೀನು.

ಬೋಟುಗಳಲ್ಲೂ ಎರಡು ಬಗೆ. ಒಂದು ಆಗಲೇ ಹೇಳಿದ ದಿನದ ಬೋಟು. ಇನ್ನೊಂದು ಐಸ್ ಬೋಟು. ಅದು ಐಸ್ ತುಂಬಿಕೊಂಡು ದಿನಗಟ್ಟಲೆ ಸಮುದ್ರದಲ್ಲೇ ಇದ್ದು ಬರುತ್ತದೆ. ಐಸ್ ಬೋಟಿನ ಮೀನು ಕೆಟ್ಟದ್ದೇನಲ್ಲ, ಆದರೆ ಎರಡೂ ಒಂದೇ ಕಟ್ಟೆಯ ಮೇಲೆ ಅಕ್ಕಪಕ್ಕ ಬಿದ್ದಿರುತ್ತವೆ. ಹಾಗಾಗಿ "ಇದು ಇವತ್ತು ಬಂದದ್ದಾ, ಯಾವ ಬೋಟಿನದು?" ಎಂದು ಕೇಳಲಿ. ಕೇಳಿದರೆ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ.

ಜಾಗ ಮುಖ್ಯವಾಗಿ ಎರಡು. ಪೇಟೆಯೊಳಗೇ ಪ್ರಿನ್ಸೆಸ್ ಆಲಿಸ್ ಹೆದ್ದಾರಿಯ ಅಂಚಿನಲ್ಲಿರುವ ಬ್ರಿಡ್ಜ್‌ಟೌನ್ ಮೀನುಗಾರಿಕಾ ಸಂಕೀರ್ಣ ಒಂದು. ದಕ್ಷಿಣ ತೀರದ ಓಯಿಸ್ಟಿನ್ಸ್ ಮಾರುಕಟ್ಟೆ ಇನ್ನೊಂದು, ಅಲ್ಲಿಗೆ ಬಸ್ಸಿದೆ. ಓಯಿಸ್ಟಿನ್ಸ್ ಎಂದ ಕೂಡಲೇ ಎಲ್ಲರೂ ಶುಕ್ರವಾರ ರಾತ್ರಿಯ ಮೀನು ಹುರಿಯುವ ಸಂಭ್ರಮದ ಮಾತಾಡುತ್ತಾರೆ. ಒಮ್ಮೆ ಹೋಗಿ ನೋಡಲೇಬೇಕಾದದ್ದು, ಆದರೆ ಅಲ್ಲಿ ತಟ್ಟೆಗೆ ಕೊಡುವುದು ಪ್ರವಾಸಿಗರ ಬೆಲೆ. ಹಣ ಉಳಿಸಬೇಕೆಂದರೆ ಅದೇ ಊರಿನ ಮಾರುಕಟ್ಟೆಯಲ್ಲಿ ಹಸಿ ಮೀನು ಕೊಂಡು ಮನೆಗೆ ತರಬೇಕು. ಬೆಲೆ ನೋಡುವಾಗ ಇನ್ನೊಂದು ನೆನಪಿರಲಿ. ಎರಡು ಬಾರ್ಬಡೋಸ್ ಡಾಲರಿಗೆ ಒಂದು ಅಮೆರಿಕನ್ ಡಾಲರ್. ಹೊಸದಾಗಿ ಹೋದವರು ಫಲಕದ ಮೇಲಿನ ಅಂಕಿಯನ್ನು ಅಮೆರಿಕನ್ ಡಾಲರ್ ಎಂದುಕೊಂಡು ಗಾಬರಿಯಾಗುತ್ತಾರೆ.

ಇನ್ನು ಯಾವ ಮೀನು? ನನ್ನನ್ನು ಕೇಳಿದರೆ ಹಾರುವ ಮೀನು. ಬಾರ್ಬಡೋಸ್‌ನ ಒಂದು ಡಾಲರ್ ನಾಣ್ಯದ ಮೇಲೂ ಅದೇ ಇದೆ. ಡಿಸೆಂಬರ್‌ನಿಂದ ಜೂನ್‌ವರೆಗೆ ಅದರ ಸುಗ್ಗಿ. ಹಿಡಿಯುವ ರೀತಿಯೇ ಚಂದ: ಕಬ್ಬಿನ ಸೋಗೆಯಂಥವನ್ನು ಕಟ್ಟು ಕಟ್ಟಿ ನೀರಿನ ಮೇಲೆ ತೇಲಿಬಿಡುತ್ತಾರೆ. ತೇಲುವ ವಸ್ತುವಿಗೆ ಮೊಟ್ಟೆ ಅಂಟಿಸುವುದು ಈ ಮೀನಿನ ಸ್ವಭಾವವಾದ್ದರಿಂದ ಗುಂಪುಗುಂಪಾಗಿ ಬಂದು ಮುತ್ತುತ್ತದೆ, ಆಗ ಬಲೆಗೆ ಸಿಗುತ್ತದೆ. ಇದರ ಆಯಸ್ಸು ಹೆಚ್ಚೆಂದರೆ ಒಂದೂವರೆ ವರ್ಷ. ಆರೋಗ್ಯದ ಲೆಕ್ಕದಲ್ಲಿ ಇದು ದೊಡ್ಡ ಮಾತು. ಪಾದರಸ ಸೇರುವುದು ಬಹುಕಾಲ ಬದುಕಿ ಬೇರೆ ಮೀನು ತಿಂದು ಕೊಬ್ಬುವ ಮೀನುಗಳಲ್ಲಿ. ಮಾರ್ಲಿನ್, ಕತ್ತಿಮೀನು, ಶಾರ್ಕ್ ಇವನ್ನು ಗರ್ಭಿಣಿಯರು ಮುಟ್ಟಲೇಬಾರದು, ಉಳಿದವರೂ ದಿನನಿತ್ಯದ ಊಟಕ್ಕೆ ಇಟ್ಟುಕೊಳ್ಳದಿರುವುದು ಒಳ್ಳೆಯದು.

ಹಾರುವ ಮೀನಿಗೆ ಮುಳ್ಳು ವಿಪರೀತ. ಅದಕ್ಕೇ ಮಾರುಕಟ್ಟೆಯ ಹೆಂಗಸರು ಮುಳ್ಳು ಬಿಡಿಸಿ, ಪುಸ್ತಕದಂತೆ ತೆರೆದು ಕೊಡುತ್ತಾರೆ. ಅವರ ಕೈ ಓಡುವುದನ್ನು ನಿಂತು ನೋಡಬೇಕು. ಆದರೆ ಹೀಗೆ ಬಿಡಿಸಿದ ಮೀನಿನಲ್ಲಿ ನಾವು ಬಂಗುಡೆಯ ಕಿವಿರು ಎತ್ತಿ ನೋಡುವಂತೆ ನೋಡಲು ಕಿವಿರೂ ಇಲ್ಲ, ಕಣ್ಣೂ ಇಲ್ಲ. ಆಗ ಮಾಂಸವನ್ನೇ ನೋಡಬೇಕು. ಹೊಳಪಿದ್ದು, ಬಿಗಿಯಾಗಿದ್ದು, ಸಮುದ್ರದ ವಾಸನೆಯಷ್ಟೇ ಇದ್ದರೆ ಸರಿ. ಅಂಚು ಹಳದಿಗಟ್ಟಿದ್ದರೆ, ಒಣಗಿದ್ದರೆ, ಕೆಳಗೆ ಐಸ್ ಇಲ್ಲದೆ ನೀರು ನಿಂತಿದ್ದರೆ ಮುಂದಿನ ಕಟ್ಟೆಗೆ ಹೋಗಲಿ.

ಫಲಕದಲ್ಲಿ "ಡಾಲ್ಫಿನ್" ಎಂದು ಕಂಡರೆ ಬೆಚ್ಚಬೇಕಿಲ್ಲ. ಅದು ಮಾಹಿ ಮಾಹಿ ಎಂಬ ಮೀನಿಗೆ ಅಲ್ಲಿನವರ ಹೆಸರು. ಗಟ್ಟಿ ತುಂಡಿನ, ಬೇಗ ಬೆಳೆಯುವ, ತಿನ್ನಲು ಯೋಗ್ಯವಾದ ಮೀನು. ಆದರೆ ಮಾಹಿ ಮಾಹಿ ಮತ್ತು ಟ್ಯೂನಾ ಬಿಸಿಲಿಗೆ ಸ್ವಲ್ಪ ಹೊತ್ತು ಬಿದ್ದರೂ ಮಾಂಸದಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಹುಟ್ಟಿಕೊಳ್ಳುತ್ತದೆ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪೇರಿ, ತಲೆನೋವು, ತುರಿಕೆ ಶುರುವಾಗುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ಮೀನು ಕೊಳ್ಳಲು ಹೋಗುವಾಗ ಚೀಲದಲ್ಲಿ ಐಸ್ ಪ್ಯಾಕ್ ಇರಲಿ, ಬರುವ ದಾರಿಯಲ್ಲಿ ಬೇರೆ ಕೆಲಸ ಇಟ್ಟುಕೊಳ್ಳುವುದು ಬೇಡ.

ತಾಜಾ ಆಗಿದ್ದೂ ವಿಷವಾಗುವ ಮೀನುಗಳಿವೆ ಎನ್ನುವುದು ಎಷ್ಟೋ ಜನರಿಗೆ ಗೊತ್ತಿಲ್ಲ. ಹವಳದ ದಿಬ್ಬಗಳ ಮೇಲಿನ ಸೂಕ್ಷ್ಮ ಪಾಚಿಯಿಂದ ಹುಟ್ಟುವ ಸಿಗುವಾಟಾಕ್ಸಿನ್ ಎಂಬ ವಿಷ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಏರುತ್ತಾ ಬ್ಯಾರಕೂಡಾ, ದೊಡ್ಡ ಗ್ರೂಪರ್, ದೊಡ್ಡ ಸ್ನ್ಯಾಪರ್‌ಗಳಲ್ಲಿ ಸೇರಿಕೊಳ್ಳುತ್ತದೆ. ವಾಸನೆಯಿಲ್ಲ, ರುಚಿಯಿಲ್ಲ, ಬೆಂಕಿಗೂ ಐಸಿಗೂ ಜಗ್ಗುವುದಿಲ್ಲ. ವಾಂತಿ, ಭೇದಿ, ತುಟಿ ಬೆರಳು ಜುಮುಗುಟ್ಟುವುದು, ತಣ್ಣನೆಯದು ಬಿಸಿಯಂತೆ ಸುಡುವುದು ಅದರ ಲಕ್ಷಣಗಳು. ಹಾಗಾದರೆ ತಡಮಾಡದೆ ವೈದ್ಯರ ಬಳಿ ಹೋಗಿ ಯಾವ ಮೀನು ತಿಂದದ್ದೆಂದು ಹೇಳಬೇಕು. ಆಂಟಿಗುವಾ, ವರ್ಜಿನ್ ದ್ವೀಪಗಳ ಕಡೆ ಇದು ಹೆಚ್ಚು, ಬಾರ್ಬಡೋಸ್‌ನಲ್ಲಿ ಅಪರೂಪ. ಆದರೆ ರಜೆಯಲ್ಲಿ ಮಕ್ಕಳು ದ್ವೀಪದಿಂದ ದ್ವೀಪಕ್ಕೆ ತಿರುಗುತ್ತಾರಲ್ಲ. ನಮಗೂ ಇದು ತೀರಾ ದೂರದ ಮಾತಲ್ಲ, 2016ರಲ್ಲಿ ಮಂಗಳೂರಿನಲ್ಲೇ ಕೆಂಪು ಸ್ನ್ಯಾಪರ್ ತಿಂದವರು ಇದರಿಂದ ಆಸ್ಪತ್ರೆ ಸೇರಿದ್ದರು. ಹಾರುವ ಮೀನು, ಮಾಹಿ ಮಾಹಿ ತೆರೆದ ಸಮುದ್ರದವು, ಹವಳದ ದಿಬ್ಬದಲ್ಲಿ ಮೇಯುವವಲ್ಲ. ನಾನು ಅವನ್ನೇ ಮತ್ತೆ ಮತ್ತೆ ಹೇಳುವುದು ಈ ಕಾರಣಕ್ಕೂ ಹೌದು.

ಬೆಲೆ ಈಚೆಗೆ ಏರಿದೆಯೆಂದು ಮಗಳು ಹೇಳಿದರೆ ಅದಕ್ಕೂ ಕಾರಣವಿದೆ. 2011ರಿಂದ ಸರ್ಗಾಸಮ್ ಎಂಬ ತೇಲುವ ಕಡಲಕಳೆ ರಾಶಿರಾಶಿಯಾಗಿ ಬರತೊಡಗಿ ಹಾರುವ ಮೀನಿನ ಬೇಟೆ ಕಷ್ಟವಾಯಿತು. 2024ರ ಜೂನ್ 29ರಂದು ಬ್ರಿಡ್ಜ್‌ಟೌನ್‌ನ ಕೆನ್ಸಿಂಗ್ಟನ್ ಓವಲ್‌ನಲ್ಲಿ ಭಾರತ ವಿಶ್ವಕಪ್ ಗೆದ್ದದ್ದು, ನಮ್ಮ ದ್ರಾವಿಡ್ ಕಪ್ ಹಿಡಿದು ಕೂಗಿದ್ದು ನಿಮಗೆ ನೆನಪಿರಬೇಕು. ಆಮೇಲೆ ತಂಡ ಅಲ್ಲೇ ಸಿಕ್ಕಿಹಾಕಿಕೊಂಡಿತಲ್ಲ, ಆ ಬೆರಿಲ್ ಚಂಡಮಾರುತವೇ ಜುಲೈ 1ರಂದು ಬಂದರಿನಲ್ಲಿ ಕಟ್ಟಿದ್ದ ಮೀನುಗಾರರ ಬೋಟುಗಳನ್ನು ಒಂದಕ್ಕೊಂದು ಬಡಿದು ಒಡೆದುಹಾಕಿತು. ಬದುಕೇ ಬೋಟಾಗಿದ್ದ ಮನೆಗಳು ಅವು. ನಾಲ್ಕು ಕಾಸು ಹೆಚ್ಚಾದರೂ ಅವರ ಕೈಯಿಂದಲೇ ಕೊಳ್ಳಲಿ ಎಂಬುದು ನನ್ನ ಆಸೆ.

ಉಳಿತಾಯದ ದಾರಿ ಸುಗ್ಗಿಯಲ್ಲೇ ಇದೆ. ಹೆಚ್ಚು ಮೀನು ಬಂದ ದಿನ ಗೆಳತಿಯರು ಸೇರಿ ಕೊಂಡು, ಒಂದೊಂದು ಊಟಕ್ಕಾಗುವಷ್ಟು ಬೇರೆ ಬೇರೆ ಕಟ್ಟಿ ಫ್ರೀಜರಿನಲ್ಲಿಟ್ಟರೆ ಮೀನು ಕಡಿಮೆಯಾಗುವ ಜುಲೈ ನಂತರದ ತಿಂಗಳುಗಳಿಗೂ ಆಗುತ್ತದೆ. ಆ ಕಾಲದಲ್ಲಿ ಮಾರುಕಟ್ಟೆಯವರೇ ಹೆಪ್ಪುಗಟ್ಟಿಸಿಟ್ಟ ಸ್ಥಳೀಯ ಹಾರುವ ಮೀನು ಕೊಂಡರೂ ತಪ್ಪಿಲ್ಲ.

ಅಡುಗೆಗೆ ಒಂದು ಮಾತು. ಈ ಮೀನು ಮೃದು, ನಮ್ಮ ಪುಳಿಮುಂಚಿಯಲ್ಲಿ ಹಾಗೇ ಬಿಟ್ಟರೆ ಕರಗಿಹೋಗುತ್ತದೆ. ಅಲ್ಲಿನವರು ತುಂಡನ್ನು ಚಾಪೆಯಂತೆ ಸುರುಳಿ ಸುತ್ತಿ ಟೊಮೆಟೊ ಈರುಳ್ಳಿ ರಸದಲ್ಲಿ ಬೇಯಿಸುತ್ತಾರೆ. ಜೊತೆಗೆ ಮೆಕ್ಕೆಜೋಳದ ಹಿಟ್ಟು ಬೆಂಡೆಕಾಯಿ ಹಾಕಿ ಮರದ ಕೋಲಿನಿಂದ ತೊಳಸಿದ ಕೂಕೂ, ಮುದ್ದೆ ತಿಂದವರಿಗೆ ಹೊಸದೆನಿಸದು. ಮಗಳೂ ಹಾಗೆಯೇ ಸುರುಳಿ ಸುತ್ತಿ, ಮಸಾಲೆ ಚೆನ್ನಾಗಿ ಕುದ್ದ ಮೇಲೆ ಕೊನೆಗೆ ಇಳಿಬಿಟ್ಟು, ಸೌಟು ಹಾಕದೆ ಐದೇ ನಿಮಿಷ ಮುಚ್ಚಿಡಲಿ.