ಎದುರಿನ ವಿಮಾನ ಪೈಲಟ್‌ಗೆ ಕಾಣುವುದಿಲ್ಲವೇ?

ಪ್ರಶ್ನೆ: ಆಕಾಶ ಅಷ್ಟು ವಿಶಾಲವಾಗಿದೆ. ಆದರೂ ವಿಮಾನಗಳು ಏರ್‌ಪೋರ್ಟ್ ಹತ್ತಿರ ಬಂದಾಗಲೇ ಒಂದಕ್ಕೊಂದು ಡಿಕ್ಕಿ ಹೊಡೆಯುವುದೇಕೆ? ಮೋಡವಿಲ್ಲದ ಹಗಲಲ್ಲೂ ಎದುರಿನ ವಿಮಾನ ಪೈಲಟ್ ಕಣ್ಣಿಗೆ ಬೀಳುವುದಿಲ್ಲವೇ?

ಉತ್ತರ: ಆಕಾಶ ವಿಶಾಲ, ನಿಜ. ರನ್‌ವೇ ವಿಶಾಲವಲ್ಲ. ಯಾವ ದಿಕ್ಕಿನಿಂದ ಬಂದ ವಿಮಾನವಾದರೂ ಕೊನೆಯ ಕೆಲವು ಕಿಲೋಮೀಟರ್ ಅದೇ ಗೆರೆ ಹಿಡಿದು, ಅದೇ ಇಳಿಜಾರಿನಲ್ಲಿ ಬರಲೇಬೇಕು. ಪೈಲಟ್‌ಗೆ ಕೈತುಂಬ ಕೆಲಸವಿರುವುದೂ ಆಗಲೇ: ಚಕ್ರ ಇಳಿಸಬೇಕು, ವೇಗ ತಗ್ಗಿಸಬೇಕು, ರೇಡಿಯೊಗೆ ಉತ್ತರ ಕೊಡಬೇಕು. ಹೊರಗೆ ನೋಡಲು ಸಿಗುವ ಪುರಸೊತ್ತು ಅಷ್ಟಕ್ಕಷ್ಟೇ.

ನಿಮ್ಮ ಎರಡನೇ ಪ್ರಶ್ನೆಯೇ ಹೆಚ್ಚು ಸ್ವಾರಸ್ಯದ್ದು. ನಮ್ಮ ಕಣ್ಣು ಚಲನೆಯನ್ನು ಬೇಗ ಹಿಡಿಯುತ್ತದೆ. ಕಾಕ್‌ಪಿಟ್ ಗಾಜಿನಲ್ಲಿ ಎಡದಿಂದ ಬಲಕ್ಕೆ ಸರಿಯುವ ವಿಮಾನ ತಟ್ಟನೆ ಗೊತ್ತಾಗುತ್ತದೆ. ಆದರೆ ಹಾಗೆ ಸರಿಯುವುದು ಪಕ್ಕದಲ್ಲಿ ದಾಟಿಹೋಗುವ ವಿಮಾನ. ಎರಡೂ ನೇರವಾಗಿ, ಒಂದೇ ವೇಗ ಉಳಿಸಿಕೊಂಡು ಹಾರುತ್ತಿದ್ದರೆ, ನಿಮಗೆ ಬಡಿಯಲಿರುವ ವಿಮಾನ ಗಾಜಿನ ಒಂದೇ ಜಾಗದಲ್ಲಿ ಚುಕ್ಕಿಯಂತೆ ಕದಲದೆ ನಿಂತಿರುತ್ತದೆ. ಬಹಳ ಹೊತ್ತು ಚುಕ್ಕಿಯಾಗಿಯೇ ಇದ್ದು, ಕೊನೆಯ ಕೆಲವು ಸೆಕೆಂಡುಗಳಲ್ಲಿ ಮಾತ್ರ ದಿಢೀರನೆ ಹಿಗ್ಗುತ್ತದೆ. ಆ ಚುಕ್ಕಿ ಕಿಟಕಿಯ ಕಂಬದ ಮರೆಯಲ್ಲಿದ್ದರಂತೂ ಕೊನೆಯವರೆಗೂ ಅಲ್ಲೇ ಅವಿತಿರುತ್ತದೆ. ಪೈಲಟ್‌ಗಳು ಆಗಾಗ ತಲೆ ಹಿಂದೆ ಮುಂದೆ ಆಡಿಸಿ ನೋಡಬೇಕೆಂದು ಕಲಿಸುವುದು ಇದಕ್ಕೇ.

ಒಂದು ಲೆಕ್ಕ ನೋಡಿ. ಇನ್ನೊಂದು ವಿಮಾನ ಕಣ್ಣಿಗೆ ಬಿದ್ದು, ಅದು ಅಪಾಯವೆಂದು ಮನಸ್ಸಿಗೆ ಹೊಳೆದು, ಕೈ ಚಲಿಸಿ, ವಿಮಾನ ನಿಜವಾಗಿ ಪಕ್ಕಕ್ಕೆ ಹೊರಳಲು ಸುಮಾರು 12.5 ಸೆಕೆಂಡ್ ಬೇಕೆಂದು ಅಮೆರಿಕದ ವಿಮಾನಯಾನ ಆಡಳಿತವಾದ ಎಫ್‌ಎಎ ಪೈಲಟ್‌ಗಳಿಗೆ ಹೇಳುತ್ತದೆ. ತಲಾ 100 ನಾಟ್ (ಗಂಟೆಗೆ ಸುಮಾರು 185 ಕಿಲೋಮೀಟರ್) ವೇಗದ ಎರಡು ಪುಟ್ಟ ವಿಮಾನಗಳು ಎದುರುಬದುರಾಗಿ ಬಂದರೆ ಅಷ್ಟು ಹೊತ್ತಿನಲ್ಲಿ ಅವುಗಳ ನಡುವಿನ 1.3 ಕಿಲೋಮೀಟರ್ ಮುಗಿದುಹೋಗುತ್ತದೆ. ಅಷ್ಟು ದೂರದಿಂದ 11 ಮೀಟರ್ ರೆಕ್ಕೆಯ ವಿಮಾನ ತುದಿಯಿಂದ ತುದಿಗೆ ಹುಣ್ಣಿಮೆ ಚಂದ್ರನಷ್ಟು ಅಗಲ ಕಾಣುತ್ತದೆ, ಅದರಲ್ಲೂ ಬಹುಪಾಲು ತೆಳು ರೆಕ್ಕೆಯೇ. ಅದಕ್ಕೇ ಸುಮ್ಮನೆ ಹೊರಗೆ ಕಣ್ಣು ಹಾಯಿಸಿದರೆ ಸಾಲದು. ಆಕಾಶವನ್ನು 10 ಡಿಗ್ರಿಯ ತುಂಡುಗಳಾಗಿ ಭಾಗಿಸಿ, ಒಂದೊಂದರ ಮೇಲೂ ಕನಿಷ್ಠ ಒಂದು ಸೆಕೆಂಡ್ ನೋಟ ನಿಲ್ಲಿಸಬೇಕು.

ಕಂಟ್ರೋಲ್ ಟವರ್ ಇಲ್ಲದ ಚಿಕ್ಕ ನಿಲ್ದಾಣಗಳಲ್ಲಿ ಪೈಲಟ್‌ಗಳು ತಾವೇ ಸಾಲು ಹಚ್ಚಿಕೊಳ್ಳಬೇಕು. ಅದಕ್ಕೊಂದು ಗೊತ್ತಾದ ಸುತ್ತುದಾರಿ ಇದೆ: ನೆಲದಿಂದ ಸಾಮಾನ್ಯವಾಗಿ 1000 ಅಡಿ ಎತ್ತರ, ರನ್‌ವೇಗೆ ಸಮಾನಾಂತರವಾಗಿ, ಇಳಿಯುವುದಕ್ಕೆ ವಿರುದ್ಧ ದಿಕ್ಕಿನಲ್ಲಿ ಹಾರುವ ಡೌನ್‌ವಿಂಡ್, ರನ್‌ವೇ ಗೆರೆಯತ್ತ ತಿರುಗಿ ಬೇಸ್, ಮತ್ತೆ ತಿರುಗಿ ರನ್‌ವೇಗೆ ನೇರವಾಗಿ ಇಳಿಯುವ ಫೈನಲ್. ಪ್ರತಿ ತಿರುವಿನಲ್ಲೂ ತಾನು ಎಲ್ಲಿದ್ದೇನೆಂದು ರೇಡಿಯೊದಲ್ಲಿ ಕೂಗಿ ಹೇಳಬೇಕು. ಅತಿ ಕೆಟ್ಟ ಜಾಗ ಫೈನಲ್. ಸೆಸ್ನಾ 172 ಎಂಬ ಪುಟ್ಟ ವಿಮಾನದ ರೆಕ್ಕೆ ಪೈಲಟ್ ತಲೆಯ ಮೇಲಿರುವುದರಿಂದ ಅವನಿಗೆ ಮೇಲೆ ಕಾಣದು. ಪೈಪರ್ ಚೆರೋಕಿಯ ರೆಕ್ಕೆ ಕೆಳಗಿರುವುದರಿಂದ ಅದರ ಪೈಲಟ್‌ಗೆ ಕೆಳಗೆ ಕಾಣದು. ಸೆಸ್ನಾ ಕೆಳಗೆ, ಪೈಪರ್ ಮೇಲೆ, ಎರಡೂ ಒಂದೇ ರನ್‌ವೇಯತ್ತ ಇಳಿಯುತ್ತಿದ್ದರೆ ಇಬ್ಬರ ಪಾಲಿಗೂ ಆಕಾಶ ಖಾಲಿ! ಸುತ್ತುದಾರಿಯೊಳಕ್ಕೆ ಮೇಲಿನಿಂದ ಇಳಿಯುತ್ತ ನುಗ್ಗಬೇಡಿ, ಮೊದಲೇ ಆ ಎತ್ತರಕ್ಕೆ ಬಂದು ಪಕ್ಕದಿಂದ ಸೇರಿಕೊಳ್ಳಿ ಎನ್ನುವುದು ಇದೇ ಕಾರಣಕ್ಕೆ. ನನ್ನನ್ನು ಕೇಳಿದರೆ, ಪುಟ್ಟ ವಿಮಾನದವರಿಗೆ ಯಾವ ಉಪಕರಣಕ್ಕಿಂತಲೂ ಈ ಒಂದು ಶಿಸ್ತು ದೊಡ್ಡದು.

ದೊಡ್ಡ ನಿಲ್ದಾಣಗಳಲ್ಲಿ ಈ ಭಾರ ಕಂಟ್ರೋಲರ್ ಹೆಗಲಿಗೆ. ರೇಡಾರ್ ನೋಡುತ್ತ, ಎರಡು ವಿಮಾನಗಳ ನಡುವೆ ಸಾಮಾನ್ಯವಾಗಿ 3 ನಾಟಿಕಲ್ ಮೈಲಿ (ಸುಮಾರು 5.5 ಕಿಲೋಮೀಟರ್) ದೂರವಾದರೂ ಇಲ್ಲವೇ 1000 ಅಡಿ ಎತ್ತರವಾದರೂ ಉಳಿಸುತ್ತಾರೆ. ಬರುವ ದಾರಿ, ಹೋಗುವ ದಾರಿ ಬೇರೆ ಬೇರೆ. 1996ರ ನವೆಂಬರ್ 12ರಂದು ದೆಹಲಿಯ ಬಳಿ ಎರಡಕ್ಕೂ ಒಂದೇ ದಾರಿಯಿತ್ತು. 15,000 ಅಡಿಯಲ್ಲಿ ನಿಲ್ಲಬೇಕಿದ್ದ ಕಜಕಸ್ತಾನದ ವಿಮಾನ ಇನ್ನೂ ಕೆಳಗಿಳಿದು, 14,000 ಅಡಿಗೆ ಅನುಮತಿ ಪಡೆದಿದ್ದ ಸೌದಿ ಜಂಬೋಗೆ ಚರ್ಖಿ ದಾದ್ರಿಯ ಮೇಲೆ ಬಡಿಯಿತು. 349 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಹವೆ ಚೆನ್ನಾಗಿದ್ದರೆ ಕಂಟ್ರೋಲರ್, "ಮುಂದಿನ ವಿಮಾನ ಕಾಣುತ್ತಿದೆಯೇ? ಹಾಗಾದರೆ ಅಂತರ ನೀವೇ ಕಾಪಾಡಿಕೊಳ್ಳಿ" ಎಂದು ಬಿಟ್ಟುಕೊಡುವುದೂ ಉಂಟು. 1978ರ ಸೆಪ್ಟೆಂಬರ್ 25ರ ತಿಳಿ ಬೆಳಗ್ಗೆ ಸ್ಯಾನ್ ಡಿಯಾಗೋದಲ್ಲಿ ಬೋಯಿಂಗ್ 727ರ ಪೈಲಟ್‌ಗಳು ಒಂದು ಸೆಸ್ನಾ ಕಾಣುತ್ತಿದೆ ಎಂದರು. ಆಮೇಲೆ ಅದು ಕಣ್ತಪ್ಪಿತು. ದಾಟಿಹೋಗಿರಬೇಕೆಂದು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಕಾಣುತ್ತಿಲ್ಲ ಎಂಬ ಸ್ಪಷ್ಟ ಮಾತು ಟವರ್‌ಗೆ ಹೋಗಲೇ ಇಲ್ಲ. ಸೆಸ್ನಾ ಅವರ ಮುಂದೆ, ಕೆಳಗಡೆಯೇ ಇತ್ತು. ಸತ್ತವರು 144 ಜನ.

ಟಿಕ್ಯಾಸ್ ಎಂಬ ಯಂತ್ರ ಇದೆಯಲ್ಲ ಎನ್ನಬಹುದು. ಇದೆ, ಒಳ್ಳೆಯದೇ. ಸುತ್ತಲಿನ ವಿಮಾನಗಳ ಟ್ರಾನ್ಸ್‌ಪಾಂಡರ್ (ರೇಡಿಯೊ ಸಂಕೇತಕ್ಕೆ ತಾನಾಗಿ ಉತ್ತರಿಸುವ ಉಪಕರಣ) ಜೊತೆ ಮಾತಾಡಿ ಮೊದಲು ಎಚ್ಚರಿಸುತ್ತದೆ, ಅಪಾಯ ಹತ್ತಿರವಾದರೆ ಒಬ್ಬರಿಗೆ ಏರು, ಇನ್ನೊಬ್ಬರಿಗೆ ಇಳಿ ಎನ್ನುತ್ತದೆ. ಆದರೆ ಟ್ರಾನ್ಸ್‌ಪಾಂಡರ್ ಇಲ್ಲದ ವಿಮಾನ ಅದಕ್ಕೆ ಕಾಣದು. ನೆಲದಿಂದ ಸುಮಾರು 1000 ಅಡಿಗಿಂತ ಕೆಳಗೆ ಏರು, ಇಳಿ ಎಂಬ ಆದೇಶವನ್ನೂ ಕೊಡದು, ನೆಲ ಅಷ್ಟು ಹತ್ತಿರವಿರುವಾಗ ಅಂಥ ಆದೇಶವೇ ಅಪಾಯವಾದೀತು. 2025ರ ಜನವರಿ 29ರ ರಾತ್ರಿ ವಾಷಿಂಗ್ಟನ್‌ನಲ್ಲಿ ಇಳಿಯುತ್ತಿದ್ದ ಪ್ರಯಾಣಿಕ ಜೆಟ್‌ಗೆ ಸುಮಾರು 20 ಸೆಕೆಂಡ್ ಮೊದಲು ಎಚ್ಚರಿಕೆಯಷ್ಟೇ ಸಿಕ್ಕಿತು. ವಿಮಾನ ಕಾಣುತ್ತಿದೆ, ಅಂತರ ನಾವೇ ನೋಡಿಕೊಳ್ಳುತ್ತೇವೆ ಎಂದಿದ್ದ ಸೇನಾ ಹೆಲಿಕಾಪ್ಟರ್, 200 ಅಡಿ ಮೀರಬಾರದಿದ್ದ ದಾರಿಯಲ್ಲಿ ಸುಮಾರು 300 ಅಡಿಯಲ್ಲಿ ಅದಕ್ಕೆ ಬಡಿಯಿತು. 67 ಜನ ಸತ್ತರು. ರನ್‌ವೇಗೆ ಬರುವ ವಿಮಾನಗಳ ಅಡಿಯಲ್ಲೇ ಹಾದುಹೋಗುತ್ತಿದ್ದ ಆ ಹೆಲಿಕಾಪ್ಟರ್ ದಾರಿಯ ಭಾಗವನ್ನು ಎಫ್‌ಎಎ ಆಮೇಲೆ ಮುಚ್ಚಿಸಿತು.