ರಾಜ ಎಫ್8ಕ್ಕೋ, ಡಿ8ಕ್ಕೋ? ರೂಕ್ ಎಂಡ್‌ಗೇಮ್ ಟಿಪ್ಪಣಿ

ನಿನ್ನೆ ಹುಬ್ಬಳ್ಳಿಯ ಚೆಸ್ ಟೂರ್ನಮೆಂಟಿನ ಕೊನೆಯ ಸುತ್ತಿನಲ್ಲಿ, ಡ್ರಾ ಆಗಬೇಕಿದ್ದ ಆಟ ಸೋತೆ. ನನ್ನದು ಕರಿ ಕಾಯಿ. ಎದುರಿಗೆ ಗದಗಿನಿಂದ ಬಂದಿದ್ದ ಕಾಕಾ. ಓಪನಿಂಗ್ ಬಿಡಿ, ಎಂಡ್‌ಗೇಮ್ (ಕೆಲವೇ ಕಾಯಿ ಉಳಿದ ಕೊನೆಯ ಘಟ್ಟ) ಮಾತ್ರ ಬರೆಯುತ್ತೇನೆ. ಮನೆಯ ಹೆಸರಿನಲ್ಲಿ ಅಕ್ಷರ ಅಂದರೆ ಉದ್ದಸಾಲು, ಬಿಳಿಯ ಎಡದಿಂದ ಎ ಇಂದ ಎಚ್‌ವರೆಗೆ; ಅಂಕಿ ಅಂದರೆ ಅಡ್ಡಸಾಲು, ಬಿಳಿಯ ಕಡೆಯಿಂದ 1ರಿಂದ 8.

ಬಿಳಿ: ರಾಜ ಡಿ5, ಪಾನ್ (ಕಾಲಾಳು) ಇ5, ರೂಕ್ (ಆನೆ) ಎಚ್7.
ಕರಿ: ರಾಜ ಇ8, ರೂಕ್ ಎ6. ನಡೆ ನನ್ನದು.

ಇದು ಫಿಲಿಡೋರ್ ಪೊಸಿಷನ್. ಫ್ರಾನ್ಸಿನ ಚೆಸ್ ಆಟಗಾರ ಫಿಲಿಡೋರ್ 1777ರಲ್ಲೇ ಇದರ ಡ್ರಾ ದಾರಿ ತೋರಿಸಿದ್ದ. ರೂಕ್ ಆರನೇ ಅಡ್ಡಸಾಲಿನಲ್ಲೇ ಓಡಾಡುತ್ತಿರಬೇಕು, ಆಗ ಬಿಳಿ ರಾಜ ಮುಂದೆ ಬರುವಂತಿಲ್ಲ. ಪಾನ್ ಇ6ಕ್ಕೆ ಬಂದ ಮೇಲೆ ಮಾತ್ರ ರೂಕ್ ಎ1ಕ್ಕೆ ಇಳಿದು ಹಿಂದಿನಿಂದ ಚೆಕ್ (ರಾಜನ ಮೇಲೆ ದಾಳಿ) ಕೊಡಬೇಕು. ಪಾನ್ ಮುಂದೆ ಹೋಗಿರುವುದರಿಂದ ಬಿಳಿ ರಾಜನಿಗೆ ಮರೆಯೇ ಇರುವುದಿಲ್ಲ.

ನಾನು ಕಾಯಲಿಲ್ಲ. ಎ1ಕ್ಕೆ, ಅಲ್ಲಿಂದ ಇ1ಕ್ಕೆ ರೂಕ್ ಒಯ್ದೆ. ಕಾಕಾ ರಾಜನನ್ನು ಇ6ಕ್ಕೆ ತಂದರು. ಈಗ ಅವರ ಪಾನೇ ಅವರ ರಾಜನಿಗೆ ಮರೆ, ನನಗೆ ಚೆಕ್ ಇಲ್ಲ. ಅವರ ಮುಂದಿನ ಬೆದರಿಕೆ ರೂಕ್ ಎಚ್8, ಮೇಟ್!

ಆದರೂ ಆಟ ಇನ್ನೂ ಡ್ರಾನೇ ಇತ್ತು. ನಾನು ಎಡವಿದ್ದು ಇಲ್ಲಿ. ಅವರ ರೂಕ್ ಎಚ್ ಸಾಲಿನಲ್ಲಿದೆ, ದೂರ ಓಡೋಣ ಅಂತ ರಾಜನನ್ನು ಡಿ8ಕ್ಕೆ ಒಯ್ದೆ. ಆಟ ಮುಗಿದ ಮೇಲೆ ಕಾಕಾ ಕಾಯಿ ಮತ್ತೆ ಜೋಡಿಸಿ, "ತಮ್ಮಾ, ರಾಜನ್ನ ಆ ಕಡಿ ಯಾಕ ಒಯ್ದಿ?" ಅಂದರು.

ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಬರುವಾಗ ಸ್ಕೋರ್‌ಶೀಟಿನ ಹಿಂದೆ ಎಣಿಸುತ್ತಾ ಕೂತೆ. ಇ ಪಾನಿನ ಎಡಕ್ಕೆ ಎ, ಬಿ, ಸಿ, ಡಿ, ನಾಲ್ಕು ಸಾಲು. ಬಲಕ್ಕೆ ಎಫ್, ಜಿ, ಎಚ್, ಮೂರೇ. ರಾಜ ಕಡಿಮೆ ಸಾಲಿರುವ ಕಡೆ ಹೋಗಬೇಕು, ಯಾಕಂದರೆ ಜಾಸ್ತಿ ಸಾಲು ಬೇಕಾಗಿರುವುದು ರೂಕಿಗೆ! ರೂಕ್ ಎ ಸಾಲಿನಲ್ಲಿದ್ದರೆ ಪಾನಿಗೂ ಅದಕ್ಕೂ ನಡುವೆ ಬಿ, ಸಿ, ಡಿ, ಮೂರು ಸಾಲು. ಬಿಳಿ ರಾಜ ಚೆಕ್ ತಪ್ಪಿಸಲು ಅಷ್ಟು ದೂರ ಬಂದರೆ ಪಾನ್ ಒಂಟಿ. ಎಚ್ ಸಾಲಿನಿಂದ ಎಣಿಸಿದರೆ ನಡುವೆ ಎರಡೇ, ಸಾಲುವುದಿಲ್ಲ. ನನ್ನ ರಾಜ ಡಿ8ರಲ್ಲಿ ಕೂತು, ರೂಕಿಗೆ ಬೇಕಾದ ಜಾಗವನ್ನೇ ಮುಚ್ಚಿದ್ದ.

ಎಫ್8ಕ್ಕೆ ಹೋಗಿದ್ದರೆ? ರೂಕ್ ಎಚ್8 ಚೆಕ್, ರಾಜ ಜಿ7. ಈಗ ಅವರ ರೂಕಿಗೇ ಏಟು, ಅದು ಓಡಲೇಬೇಕು, ಇ8ಕ್ಕೆ ಅನ್ನಿ. ನನ್ನ ರೂಕ್ ಎ1ಕ್ಕೆ, ಆಮೇಲೆ ಪಕ್ಕದಿಂದ ಚೆಕ್ ಮೇಲೆ ಚೆಕ್. ನಾನು ಹೆದರಿದ್ದ ಎಚ್ ಸಾಲಿನಲ್ಲೇ ಒಂದು ನಡೆ ಉಳಿತಾಯ ಇತ್ತು ನೋಡಿ.

ಡಿ ಪಾನ್ ಆದರೆ ಲೆಕ್ಕ ತಿರುಗುಮುರುಗು: ರಾಜ ಸಿ8ಕ್ಕೆ, ರೂಕ್ ಎಚ್ ಸಾಲಿಗೆ.