ಬುಷ್ ಹೊಸದು, ಸದ್ದು ಮಾತ್ರ ಹಳೆಯದು

ಶಾಲಾ ಶಿಕ್ಷಕರೊಬ್ಬರು ಬಳ್ಳಾರಿಯ ನಮ್ಮ ಗ್ಯಾರೇಜಿಗೆ ಬಂದಿದ್ದರು. ಕಾರಿನ ಮುಂದಿನ ಚಕ್ರಗಳನ್ನು ಚೌಕಟ್ಟಿಗೆ ಜೋಡಿಸುವ ತೋಳು, ಅಂದರೆ ಲೋವರ್ ಆರ್ಮ್, ಅದರ ಬುಷ್‌ಗಳನ್ನು ಮನೆಯಂಗಳದಲ್ಲಿ ತಾವೇ ಬದಲಿಸಿದ್ದರು. ಮೂರೇ ತಿಂಗಳಿಗೆ, ಗುಂಡಿಗೆ ಇಳಿದಾಗಲೆಲ್ಲ ಮತ್ತೆ ಟಕ್ ಟಕ್ ಸದ್ದು. ‘ನಕಲಿ ಮಾಲು ಕೊಟ್ಟಿದ್ದಾರೆ ಮೇಸ್ತ್ರಿ’ ಎಂದು ನೊಂದುಕೊಂಡರು. ಬಿಚ್ಚಿ ನೋಡಿದೆ. ಮಾಲು ಚೆನ್ನಾಗಿಯೇ ಇತ್ತು, ರಬ್ಬರ್ ತಿರುಚಿ ಹರಿದಿತ್ತು.

‘ಸರ್, ಬೋಲ್ಟ್ ಬಿಗಿ ಮಾಡುವಾಗ ಚಕ್ರ ನೆಲದ ಮೇಲಿತ್ತೇ?’

‘ಇಲ್ಲ, ಜಾಕ್ ಮೇಲೆ ತೂಗಾಡುತ್ತಿತ್ತು.’

ಎಡವಿದ್ದು ಅಲ್ಲಿಯೇ. ಬಹುತೇಕ ಕಾರುಗಳಲ್ಲಿ ಈ ಬುಷ್ ಎಂದರೆ ಎರಡು ಲೋಹದ ಕೊಳವೆಗಳು, ನಡುವೆ ಎರಡಕ್ಕೂ ಅಂಟಿದ ರಬ್ಬರ್. ಬೋಲ್ಟ್ ಬಿಗಿಯಾದಾಗ ಒಳಗಿನ ಕೊಳವೆ ಕದಲದೆ ನಿಲ್ಲುತ್ತದೆ, ಹೊರಗಿನದು ಆರ್ಮ್ ಜೊತೆ ಏರಿಳಿಯುತ್ತದೆ. ರಬ್ಬರ್ ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರ ತೂಗಾಡುವಾಗ ಬಿಗಿ ಮಾಡಿದರೆ ಆ ಭಂಗಿಯೇ ಅದಕ್ಕೆ ನೆಲೆ. ಕಾರು ಕೆಳಗಿಳಿದ ಕ್ಷಣದಿಂದ ಪಾಪ, ನಿಂತಲ್ಲೇ ಹಗಲೂ ರಾತ್ರಿ ತಿರುಚಿಕೊಂಡಿರುತ್ತದೆ.

ಆದ್ದರಿಂದ ಮೊದಲು ಬೋಲ್ಟ್‌ಗಳನ್ನು ಸಡಿಲವಾಗಿ ಕೂರಿಸಿ. ಚಕ್ರಗಳನ್ನು ಗಟ್ಟಿಯಾದ ರ‍್ಯಾಂಪ್ ಮೇಲೆ ನಿಲ್ಲಿಸಿ, ಕಾರಿನ ಮೂತಿಯನ್ನು ನಾಲ್ಕಾರು ಬಾರಿ ಒತ್ತಿ ಬಿಡಿ. ಆಮೇಲೆ ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿ ಮಾಡಿ. ಬರೀ ಜಾಕ್ ನಂಬಿ ಕಾರಿನಡಿಗೆ ಹೋಗಲೇಬೇಡಿ. ಹಳೆಯ ಬುಷ್ ಅನ್ನು ಸುತ್ತಿಗೆಯಿಂದ ಬಡಿಯುವ ಬದಲು ಆರ್ಮ್ ಬಿಚ್ಚಿ ಲೇತ್ ಅಂಗಡಿಗೆ ಒಯ್ದು ಪ್ರೆಸ್‌ನಲ್ಲಿ ತೆಗೆಸಿ, ಹೊಸದನ್ನೂ ಅಲ್ಲಿಯೇ ಕೂರಿಸಿ. ಕೊನೆಗೆ ವೀಲ್ ಅಲೈನ್‌ಮೆಂಟ್ ಮಾಡಿಸಿ.

ಇನ್ನೊಂದು ಸಂಕಟದ ವಿಷಯ. ಕಾರು ತೊಳೆಸಿದ ಮೇಲೆ ಹೊಳಪಿಗೆಂದು ಅಡಿಭಾಗಕ್ಕೆ ಡೀಸೆಲ್ ಹೊಡೆಸುವವರು ಈಗಲೂ ಇದ್ದಾರೆ. ಡೀಸೆಲ್ ಹೀರಿದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಗ್ರೀಸ್ ಕೂಡ ಬೇಡ. ಬಾಗಿಲಂಚಿನ ರಬ್ಬರ್ ಪಟ್ಟಿಗೆ (ಬೀಡಿಂಗ್) ಬೇಕಾದರೆ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ.

ವೈಪರ್ ಬ್ಲೇಡ್ ಬದಲಿಸುವುದು ಐದು ನಿಮಿಷದ ಕೆಲಸ. ಆದರೆ ಸಂಡೂರು ಕಡೆಯ ಅದಿರಿನ ಕೆಂಪು ದೂಳು ಗಾಜಿನ ಮೇಲಿದ್ದಾಗ ಒಣ ವೈಪರ್ ಆಡಿಸಿದರೆ ಉಪ್ಪುಕಾಗದ ಉಜ್ಜಿದಂತೆಯೇ, ಹೊಸ ಬ್ಲೇಡೂ ಹಾಳು, ಗಾಜೂ ಹಾಳು. ಮೊದಲು ನೀರು ಹಾಕಿ ತೊಳೆಯಿರಿ.

ಬ್ರೇಕಿನ ರಬ್ಬರ್ ಹೋಸ್‌ಗಳಿಗೆ ಮಾತ್ರ ಮನೆಯಲ್ಲಿ ಕೈ ಹಾಕಬೇಡಿ. ಬಿಚ್ಚಿದಾಗ ಪೈಪಿನೊಳಗೆ ಗಾಳಿ ಸೇರುತ್ತದೆ. ಅದನ್ನು ಪೂರ್ತಿ ಹೊರಹಾಕದಿದ್ದರೆ ಪೆಡಲ್ ಒತ್ತಿದರೂ ಕಾರು ನಿಲ್ಲದೆ ಹೋಗಬಹುದು. ಹೋಸ್ ಮೇಲೆ ಬಿರುಕು ಕಂಡ ದಿನವೇ ಗ್ಯಾರೇಜಿಗೆ ತನ್ನಿ.